ಗಣಪತಿಗೂ ಅಡ್ಡ ಬಂದ ಏಳು ಅಡಿಯ ಪೈಪು

ನನ್ನ ಕುರ್ಚಿಗೆ ಬಂದಿರುವ ಅಂಕಿತಾ ಬೆಂಗಳೂರಿನ ಹುಡುಗಿ. ಕೆಲಸಕ್ಕೆ ಸೇರಿದ ಮೊದಲ ದಿನವೇ, "ಅಂಕಲ್, ನಿಮ್ಮ ಎಕ್ಸ್‌ಪೀರಿಯೆನ್ಸ್ ಎಲ್ಲಾ ಒಂದು ನೋಟ್ ಥರ ಬರೆದುಕೊಡ್ತೀರಾ? ಪಾರ್ಕಿಂಗ್ ಇಶ್ಯೂಸ್ ಮುಖ್ಯವಾಗಿ. ಒಂದು ಪೇಜ್ ಇದ್ರೆ ಸಾಕು" ಅಂದಳು. ಇಪ್ಪತ್ತಾರು ವರ್ಷಗಳ ಜಗಳವನ್ನು ಒಂದು ಪೇಜಿನಲ್ಲಿ ಬರೆಯಬೇಕಂತೆ! ನಾನು ಹೂಂ ಅಂದೆ. ಮ್ಯಾನೇಜರನಾದವನು ಎಲ್ಲದಕ್ಕೂ ಮೊದಲು ಹೂಂ ಅನ್ನಬೇಕು, ಆಮೇಲೆ ತನಗೆ ತಿಳಿದಂತೆ ಮಾಡಬೇಕು. ಇದು ನಾನು ಅವಳಿಗೆ ಕೊಡುವ ಮೊದಲ ಉಪದೇಶ.

ನಾನು ಮ್ಯಾನೇಜರನಾಗಿದ್ದದ್ದು ಪುಣೆಯ ಹಡಪಸರದ ಒಂದು ಹೌಸಿಂಗ್ ಸೊಸೈಟಿಯಲ್ಲಿ. ಹೆಸರು ಬರೆಯುವುದಿಲ್ಲ. ಬರೆದರೆ ನಾಳೆಯೇ ಕಮಿಟಿಯಿಂದ ನನಗೆ ನೋಟೀಸು ಬರುತ್ತದೆ, ಅದನ್ನು ಟೈಪ್ ಮಾಡುವ ಪಾಪವೂ ಅಂಕಿತಾಳ ತಲೆಗೇ ಬರುತ್ತದೆ. ಮೂರು ವಿಂಗು, ತೊಂಬತ್ತಾರು ಮನೆ, ಒಂದು ಲಿಫ್ಟು ಸದಾ ರಿಪೇರಿಯಲ್ಲಿ. ಸಿಂದಗಿ ಕಡೆಯಿಂದ ಬಂದು ಸದಾಶಿವ ಪೇಠದ ಹಳೆಯ ವಾಡೆಯಲ್ಲಿ ಎರಡು ಕೋಣೆ ಹಿಡಿದಿದ್ದ ನಾನು, ದಿನಾ ಸ್ಕೂಟರಿನ ಮೇಲೆ ಅಲ್ಲಿಗೆ ಹೋಗುತ್ತಿದ್ದೆ. ನೀರು, ಲಿಫ್ಟು, ಕಸ ಇವೆಲ್ಲ ನನ್ನ ಕೆಲಸ ಎಂದು ನೇಮಕ ಮಾಡಿಕೊಂಡವರು ಹೇಳಿದ್ದರು. ಸುಳ್ಳು. ನನ್ನ ಕೆಲಸದ ಮುಕ್ಕಾಲು ಪಾಲು ಗಾಲಿಗಳದ್ದು. ಮನುಷ್ಯ ಮನೆಯ ಗೋಡೆ ಸೋರಿದರೆ ಸುಮ್ಮನಿದ್ದಾನು. ತನ್ನ ಗಾಡಿ ನಿಲ್ಲುವ ಜಾಗದಲ್ಲಿ ಇನ್ನೊಬ್ಬನ ಟೆಂಪೋದ ಮೂಗು ಒಂದು ಗೇಣು ಬಂದರೆ ಅಜ್ಜ ಮುತ್ತಜ್ಜನ ಕಾಲದ ಸಿಟ್ಟನ್ನೆಲ್ಲ ಹೊರಗೆ ತೆಗೆಯುತ್ತಾನೆ.

ದೊಡ್ಡ ಗಾಡಿಗಳ ವಿಷಯದಲ್ಲಿ ನಾನು ಮಾಡಿದ ಮೊದಲ ಪರಾಕ್ರಮವನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬೇರೆ ಯಾರಾದರೂ ಉಪ್ಪು ಖಾರ ಹಚ್ಚಿ ಹೇಳುತ್ತಾರೆ. ಆಗ ಭಾಲೇರಾವ ಸಾಹೇಬರು ಹೊಸದಾಗಿ ಚೇರ್ಮನ್ ಆಗಿದ್ದರು. ಕಾಲುವೆ ಇಂಜಿನಿಯರರಾಗಿ ನಿವೃತ್ತರಾದವರು. ಬಂದವರೇ, ಅನುಮತಿಯಿಲ್ಲದೆ ನಿಂತ ದೊಡ್ಡ ಗಾಡಿಯ ಗಾಲಿಗೆ ಹಾಕಲು ಒಂದು ಕಬ್ಬಿಣದ ಬೀಗ ತರಿಸಿ ನನ್ನ ಕೈಗೆ ಕೊಟ್ಟರು. ಹೊಸ ಬೀಗ ಕೈಯಲ್ಲಿದ್ದರೆ ಕೈ ಸುಮ್ಮನಿರುತ್ತದೆಯೇ? ಬೇಸಿಗೆಯ ಒಂದು ಬೆಳಿಗ್ಗೆ ಎ ವಿಂಗಿನ ಮುಂದೆ ಆನೆಯಂಥ ಗಾಡಿಯೊಂದು ನಿಂತಿತ್ತು. ಡ್ರೈವರ್ ಇಲ್ಲ, ಚೀಟಿ ಇಲ್ಲ. ಬೀಗ ಜಡಿದೆ. ಕೀಲಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಸ್ಟೇಷನ್ನಿಗೆ ಹೋಗಿ ದೌಂಡದ ಗಾಡಿ ಹತ್ತಿದೆ. ಅಲ್ಲಿ ನನ್ನ ತಂಗಿಯ ಹೊಸ ಮನೆಯ ವಾಸ್ತುಶಾಂತಿ ಇತ್ತು.

ಅದು ನಮ್ಮ ಸೊಸೈಟಿಗೇ ಬಂದ ನೀರಿನ ಟ್ಯಾಂಕರ್. ಡ್ರೈವರ್ ಚಹಾ ಕುಡಿಯಲು ಹೋಗಿದ್ದ. ಗಾಡಿ ನಿಂತ ಜಾಗದಿಂದ ನೀರಿನ ಸಂಪಿನವರೆಗೆ ಅದರ ಪೈಪು ಮುಟ್ಟುವುದಿಲ್ಲ, ಗಾಡಿ ಅಲುಗುವುದಿಲ್ಲ. ತೊಂಬತ್ತಾರು ಮನೆಯವರು ಕೊಡ, ಬಕೆಟ್ಟು, ಪಾತೇಲಿ ಹಿಡಿದುಕೊಂಡು ಟ್ಯಾಂಕರಿನ ಹಿಂದೆ ಸಾಲು ನಿಂತರಂತೆ. ದೌಂಡದಲ್ಲಿ ಹೋಳಿಗೆಯ ಎಲೆಯ ಮುಂದೆ ಕೂತಾಗ ನನ್ನ ಫೋನು ಬಡಿದುಕೊಂಡಿತು. "ಕುಲಕರ್ಣಿ," ಎಂದರು ಭಾಲೇರಾವ ಸಾಹೇಬರು, ತಣ್ಣಗೆ, "ಸಾವಕಾಶ ಊಟ ಮಾಡಿ ಬನ್ನಿ. ನಾವು ಇನ್ನೂ ಹಲ್ಲುಜ್ಜಿಲ್ಲ." ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಮುಂದಿನ ಗಾಡಿ ಹಿಡಿದೆ.

ಅವರು ಮಾತಾಡುತ್ತಿದ್ದದ್ದು ಮರಾಠಿಯಲ್ಲಿ. ನಾನು ಕನ್ನಡಕ್ಕೆ ಇಳಿಸುತ್ತಿದ್ದೇನೆ, ಖಾರ ಸ್ವಲ್ಪ ಕಡಿಮೆಯಾಗಿರಬಹುದು. ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿದ್ದ ಒಂದು ಮಾತನ್ನು ಮಾತ್ರ ಹಾಗೇ ಇಡುತ್ತೇನೆ: "ನಿಯಮ ಮ್ಹಣಜೆ ನಿಯಮ." ನಿಯಮ ಅಂದರೆ ನಿಯಮ, ಅಷ್ಟೇ. ನಾನು ಬರೆದ ಯಾವ ನೋಟೀಸೂ ಅವರ ಕೆಂಪು ಪೆನ್ನಿನಿಂದ ಪಾರಾದದ್ದಿಲ್ಲ. ಅಲ್ಪವಿರಾಮ ತಪ್ಪಿದ್ದರೂ ವಾಪಸು. ಒಮ್ಮೆ ನಾನು "ದೊಡ್ಡ ವಾಹನಗಳನ್ನು ಇಲ್ಲಿ ನಿಲ್ಲಿಸಬಾರದು" ಎಂದು ಬೋರ್ಡಿಗೆ ಬರೆದುಕೊಟ್ಟರೆ, ಅವರು ಅದನ್ನು ಪೂರಾ ಹೊಡೆದುಹಾಕಿ, "ವಾಹನ ದೊಡ್ಡದಿದ್ದವರು ಮನಸ್ಸನ್ನೂ ದೊಡ್ಡದು ಮಾಡಿ ಹೊರಗೆ ನಿಲ್ಲಿಸಬೇಕು" ಎಂದು ಬರೆದರು. ಪುಣೆಯಲ್ಲಿ ಬೋರ್ಡು ಬರೆಯುವವನಿಗೆ ಬುದ್ಧಿ ಹೇಳಲು ಬಂದರೆ ಸಾಲದು, ಚಿವುಟಲೂ ಬರಬೇಕು.

ಇನ್ನೊಂದು ಪ್ರಸಂಗ. ಬಿ ವಿಂಗಿನ ಮದುವೆಗೆ ವರನ ಕುದುರೆ ಬಂತು. ಮೆರವಣಿಗೆ ತಡವಾದದ್ದರಿಂದ ಅದನ್ನು ಅತಿಥಿಗಳ ಕಾರು ನಿಲ್ಲುವ ಜಾಗದಲ್ಲಿ ಕಟ್ಟಿದರು. ಪಕ್ಕದ ಕಾರಿನವರು ದೂರು ತಂದರು: ಕುದುರೆ ವಾಹನವೋ ಪ್ರಾಣಿಯೋ? ವಾಹನವಾದರೆ ಚೀಟಿ ಎಲ್ಲಿ? ಪ್ರಾಣಿಯಾದರೆ ಪಾರ್ಕಿಂಗಿನಲ್ಲಿ ಅದಕ್ಕೇನು ಕೆಲಸ? ಭಾಲೇರಾವ ಸಾಹೇಬರು ಹತ್ತು ನಿಮಿಷ ನಿಯಮದ ಪುಸ್ತಕ ತಿರುವಿದರು. ಆಮೇಲೆ, "ವರ ಮೇಲೆ ಕೂತಾಗ ವಾಹನ, ಇಳಿದಾಗ ಪ್ರಾಣಿ. ಈಗ ಇಳಿದಿದ್ದಾನೆ. ತೋಟದ ಕಡೆ ಕಟ್ಟಿ" ಎಂದು ತೀರ್ಪು ಕೊಟ್ಟರು. ಕುದುರೆ ತೋಟದ ಗುಲಾಬಿ ತಿಂದಿತು. ಅದರ ದೂರು ಬೇರೆ.

ಈಗ ಪೈಪಿನ ಕಥೆ. ಇದನ್ನು ನಾನು ಇಷ್ಟು ವರ್ಷ ಇಬ್ಬರನ್ನು ಬಿಟ್ಟು ಯಾರಿಗೂ ಹೇಳಿಲ್ಲ.

ನನ್ನ ನಿವೃತ್ತಿಗೆ ಮೂರು ವರ್ಷ ಬಾಕಿ ಇದ್ದಾಗ ಸೊಸೈಟಿಯೊಳಗೆ ಟೆಂಪೋಗಳು ತುಂಬಿಕೊಂಡವು. ಬಾಡಿಗೆದಾರರ ಅಣ್ಣನದು, ಅಳಿಯನದು, ಅಳಿಯನ ಗೆಳೆಯನದು. ಒಂದು ದಿನ ಎ ವಿಂಗಿನ ಹಿರಿಯರೊಬ್ಬರಿಗೆ ಎದೆನೋವು ಬಂದು ಆಂಬುಲೆನ್ಸ್ ಬಂತು. ನಡುವೆ ತರಕಾರಿ ಟೆಂಪೋ, ಅದರ ಹಿಂದೆ ಗ್ಯಾಸ್ ಸಿಲಿಂಡರಿನ ಟೆಂಪೋ. ಸ್ಟ್ರೆಚರನ್ನು ಟೊಮೆಟೊ ಕ್ರೇಟುಗಳ ನಡುವಿನಿಂದ ಒಯ್ಯಬೇಕಾಯಿತು. ಹಿರಿಯರು ಬದುಕಿದರು. ಬದುಕಿ ಬಂದು ಮೊದಲು ಮಾಡಿದ ಕೆಲಸವೆಂದರೆ ಕಮಿಟಿಗೆ ನಾಲ್ಕು ಪುಟದ ದೂರು ಬರೆದದ್ದು. ಹಾಗಾಗಿ ನಿಯಮ ತಪ್ಪಾಗಿತ್ತು ಎಂದು ನಾನು ಹೇಳುವುದಿಲ್ಲ. ಏಳು ಅಡಿಗಿಂತ ಎತ್ತರದ ಯಾವ ವಾಹನವೂ, ಯಾವ ಕಾರಣಕ್ಕೂ, ಸಾಮಾನ್ಯ ಸಭೆಯ ಒಪ್ಪಿಗೆಯಿಲ್ಲದೆ ಮುಖ್ಯ ಗೇಟಿನೊಳಗೆ ಬರತಕ್ಕದ್ದಲ್ಲ ಎಂದು ಠರಾವಾಯಿತು. ಆಂಬುಲೆನ್ಸು, ಬೆಂಕಿ ನಂದಿಸುವ ಗಾಡಿ, ಕಸದ ಗಾಡಿ, ಟ್ಯಾಂಕರ್ ಇವಕ್ಕೆ ಮಾತ್ರ ಹಿಂದಿನ ಗೇಟು. ಅಲ್ಲಿ ಕಸದ ತೊಟ್ಟಿಗಳು ಬಿಟ್ಟರೆ ಒಂದು ಸೈಕಲ್ ನಿಲ್ಲಿಸಲೂ ಜಾಗವಿಲ್ಲ.

ನಿಯಮವನ್ನು ಕಾಗದದ ಮೇಲೇ ಬಿಟ್ಟರೆ ಅವರೆಂಥ ಇಂಜಿನಿಯರ್? ಆಷಾಢದಲ್ಲಿ ಭಾಲೇರಾವ ಸಾಹೇಬರು ಮುಖ್ಯ ಗೇಟಿನ ಎರಡು ಕಂಬಗಳ ನಡುವೆ, ಸರಿಯಾಗಿ ಏಳು ಅಡಿ ಎತ್ತರಕ್ಕೆ ಹಳದಿ ಕಪ್ಪು ಪಟ್ಟೆಯ ಕಬ್ಬಿಣದ ಪೈಪೊಂದನ್ನು ಅಡ್ಡ ಹಾಕಿಸಿದರು. ವೆಲ್ಡಿಂಗ್ ಮಾಡುವವನು ತನ್ನ ಸರಂಜಾಮು ಹೊತ್ತು ಬಂದಿದ್ದ. ಕೊನೆ ಗಳಿಗೆಯಲ್ಲಿ ಸಾಹೇಬರು, "ವೆಲ್ಡಿಂಗ್ ಬೇಡ, ಬಣ್ಣ ಸುಡುತ್ತದೆ. ನಟ್ಟು ಬೋಲ್ಟು ಹಾಕಿ" ಅಂದರು. ನನಗೇನು, ಹೂಂ ಅಂದೆ.

ಪೈಪು ಮೇಲೇರಿದಾಗ ನಾನು ಕೆಳಗೆ ನಿಂತು ನೋಡುತ್ತಿದ್ದೆ. ಒಮ್ಮೆಲೇ ತಲೆಯೊಳಗೆ ಗಂಟೆ ಬಾರಿಸಿದ ಹಾಗಾಯಿತು. ಅಯ್ಯೋ, ಇನ್ನೆರಡು ತಿಂಗಳಿಗೆ ಗಣಪತಿ! ನಮ್ಮ ಸೊಸೈಟಿಯ ಗಣಪತಿ ಬರುವುದೇ ಟೆಂಪೋದಲ್ಲಿ. ಐದಡಿಯ ಮೂರ್ತಿ, ಅದರ ಕೆಳಗೆ ಪೀಠ, ಮೇಲೆ ಹೂವಿನ ಕಮಾನು. ಏಳಲ್ಲ, ಹತ್ತಡಿ ಇದ್ದರೂ ಸಾಲದು. ಸಾಹೇಬರೇ ಎಂದು ಕರೆಯಲು ನಾನು ಬಾಯಿ ತೆರೆದೆ.

ತೆರೆದ ಬಾಯಿ ಹಾಗೇ ಮುಚ್ಚಿತು. ಕಾರಣ, ಗೇಟಿನ ಹೊರಗೆ ಹಳದಿ ಬಣ್ಣದ ಶಾಲಾ ಮಿನಿ ಬಸ್ಸು ಬಂದು ನಿಂತಿತ್ತು, ಅದರ ಸ್ಟಿಯರಿಂಗಿನ ಹಿಂದೆ ಮಹಾದೇವಿ ಕೂತಿದ್ದಳು.

ಮಹಾದೇವಿ ಸಿ ವಿಂಗಿನವಳು, ಇಂಡಿ ಕಡೆಯ ಹೆಣ್ಣುಮಗಳು. ಆ ಬಸ್ಸನ್ನು ಮೊದಲು ಓಡಿಸುತ್ತಿದ್ದವನು ಅವಳ ಗಂಡ ಬಸವರಾಜ. ಸಕ್ಕರೆ ಕಾಯಿಲೆಯಿಂದ ಅವನ ಕಣ್ಣು ಮಂಜಾದವು, ಲೈಸೆನ್ಸು ಹೋಯಿತು. ಆರು ತಿಂಗಳಲ್ಲಿ ಇವಳು ಕಲಿತಳು, ಲೈಸೆನ್ಸು ತೆಗೆದಳು, ಸೀರೆಯ ಸೆರಗು ಸಿಕ್ಕಿಸಿಕೊಂಡು ಅದೇ ಬಸ್ಸಿನಲ್ಲಿ ಅದೇ ಮಕ್ಕಳನ್ನು ಒಯ್ಯಲು ಶುರುಮಾಡಿದಳು. ಬಸ್ಸು ಎಂಟೂವರೆ ಅಡಿ ಎತ್ತರ.

ಅವಳು ಇಳಿದು ಬಂದು ಪೈಪನ್ನು ನೋಡಿದಳು, ಬಸ್ಸನ್ನು ನೋಡಿದಳು, ನನ್ನನ್ನು ನೋಡಿದಳು.

"ಕಾಕಾ, ನನ್ನ ಗಾಡಿ ಒಳಗ ಬರೂದಿಲ್ಲೇನ್ರಿ ಇನ್ನ?"

"ಬರೂದಿಲ್ಲವಾ. ಠರಾವ್ ಆಗೇದ."

"ಹತ್ತ ವರ್ಷ ಅದ ಮೂಲ್ಯಾಗ ನಿಂತದ್ರಿ. ಯಾರಿಗಿ ಅಡ್ಡ ಬಂದದ ಹೇಳ್ರಿ?"

ಯಾರಿಗೂ ಅಡ್ಡ ಬಂದಿರಲಿಲ್ಲ. ಸಿ ವಿಂಗಿನ ಹಿಂಬದಿಯ ಮೂಲೆಯಲ್ಲಿ ಗೋಡೆಗೆ ಒತ್ತಿ ನಿಲ್ಲುತ್ತಿತ್ತು. ನಾನು ಅವಳನ್ನು ಭಾಲೇರಾವ ಸಾಹೇಬರ ಹತ್ತಿರ ಕರೆದುಕೊಂಡು ಹೋದೆ. ಅವರು ಪೂರ್ತಿ ಕೇಳಿದರು, ಕನ್ನಡಕ ತೆಗೆದು ಒರೆಸಿದರು. "ನಿಮ್ಮ ಕಷ್ಟ ನನಗೆ ಗೊತ್ತು ತಾಯಿ. ಆದರೆ ನಿಯಮ ಮ್ಹಣಜೆ ನಿಯಮ. ಸಾಮಾನ್ಯ ಸಭೆ ಮಾಡಿದ್ದನ್ನು ಸಾಮಾನ್ಯ ಸಭೆಯೇ ತಿದ್ದಬೇಕು. ನಾನೊಬ್ಬ ತಿದ್ದಲಾರೆ" ಎಂದರು. ನನಗೆ ಅವರ ಮೇಲೆ ಎಂಥ ಸಿಟ್ಟು ಬಂತೆಂದರೆ, ಗಣಪತಿಯ ವಿಷಯ ಹೇಳಬೇಕೆಂದಿದ್ದವನು ನಾಲಿಗೆಯನ್ನು ನುಂಗಿಕೊಂಡುಬಿಟ್ಟೆ. ಮಾಡಿಕೊಳ್ಳಲಿ, ಭಾದ್ರಪದದಲ್ಲಿ ಗೊತ್ತಾಗುತ್ತದೆ, ಎಂದುಕೊಂಡೆ.

ಸದಸ್ಯರ ಸಹಿ ಹಾಕಿಸಿ ಮಹಾದೇವಿ ವಿಶೇಷ ಸಭೆ ಕರೆಸಿದಳು. ಸಭೆಗೆ ಕನಿಷ್ಠ ಇಪ್ಪತ್ತು ಜನ ಬೇಕು, ಇದಕ್ಕೆ ಕೋರಂ ಎನ್ನುತ್ತಾರೆ. ತೊಂಬತ್ತಾರು ಮನೆಯಿಂದ ಇಪ್ಪತ್ತು ತಲೆ! ಮೊದಲನೆಯ ಸಭೆಯ ದಿನ ಕ್ರಿಕೆಟ್ ಮ್ಯಾಚು, ಹದಿಮೂರು ಜನ ಬಂದರು, ಅದರಲ್ಲಿ ಇಬ್ಬರು ಸ್ಕೋರು ಕೇಳುತ್ತಿದ್ದರು. ಎರಡನೆಯ ಸಲ ಮಳೆ, ಒಂಬತ್ತು ಜನ. ಸದಸ್ಯರು ಕರೆಸಿದ ಸಭೆಗೆ ಕೋರಂ ಆಗದಿದ್ದರೆ ಸಭೆ ಅಲ್ಲಿಗೇ ರದ್ದು. ಭಾಲೇರಾವ ಸಾಹೇಬರು ಎರಡು ಸಲವೂ ಗಡಿಯಾರ ನೋಡಿ, "ರದ್ದು" ಎಂದು ಹೇಳಿ ಎದ್ದು ಹೋದರು. ಮಹಾದೇವಿ ಖಾಲಿ ಕುರ್ಚಿಗಳ ನಡುವೆ ಒಬ್ಬಳೇ ಕೂತಿದ್ದಳು. ಆ ದೃಶ್ಯ ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ಬಸ್ಸು ಹೊರಗೆ ರಸ್ತೆಯಲ್ಲಿ ನಿಂತಿತು. ಒಮ್ಮೆ ಬ್ಯಾಟರಿ ಕದ್ದರು, ಒಮ್ಮೆ ಕ್ರೇನಿನವರು ಎಳೆದುಕೊಂಡು ಹೋದರು. ಎರಡು ಸಲವೂ ಮಕ್ಕಳಿಗೆ ಶಾಲೆಗೆ ತಡವಾಯಿತು. ಗಣಪತಿಗೆ ಮೂರು ವಾರ ಇದ್ದಾಗ ಅವಳು ನನ್ನ ಆಫೀಸಿಗೆ ಬಂದು ನಿಂತಳು, ಕೂರು ಅಂದರೂ ಕೂರಲಿಲ್ಲ.

"ಸಾಲಿಯವರು ಹೇಳ್ಯಾರ್ರಿ ಕಾಕಾ. ಗಣಪತಿ ಸೂಟಿ ಮುಗಿಯೂದ್ರಾಗ ಗಾಡಿ ನಿಂದ್ರಸಲಾಕ ಖಾತ್ರಿ ಜಾಗಾ ಅದ ಅಂತ ಸೊಸೈಟಿ ಪತ್ರ ತರಬೇಕಂತ. ಇಲ್ಲಂದ್ರ ರೂಟ್ ಬ್ಯಾರೆಯವರಿಗಿ. ರೂಟ್ ಹೋತಂದ್ರ ಗಾಡಿ ಮಾರೂದ. ಗಾಡಿ ಮಾರಿದ್ರ ನಮ್ಮನಿ ಒಲಿ ಹೆಂಗ ಹತ್ತತದ್ರಿ? ನಮ್ಮನಿಯವರಿಗಿ ಕಣ್ಣಿಲ್ಲ, ನನಗ ಬ್ಯಾರೆ ಕೆಲಸ ಬರೂದಿಲ್ಲ."

"ಇನ್ನೊಂದು ಸಭಾ ಕರಿಯೂಣ" ಅಂದೆ.

"ಯಾರ ಬರ್ತಾರ್ರಿ? ಈ ಮಂದಿ ಒಂದ ಕಡೆ ಕೂಡೂದು ಗಣಪತಿ ಬಂದಾಗಷ್ಟ."

ಹೇಳಿ ಅವಳು ಹೋದಳು. ನಾನು ಕುರ್ಚಿಯಲ್ಲಿ ಕೂತವನು ಏಳಲಿಲ್ಲ. ಅವಳು ಏನು ಹೇಳಿ ಹೋದಳೆಂದು ಅವಳಿಗೇ ಗೊತ್ತಿರಲಿಲ್ಲ.

ವಿಶೇಷ ಸಭೆಗೆ ಹದಿನಾಲ್ಕು ದಿನ ಮೊದಲು ನೋಟೀಸು ಹಚ್ಚಬೇಕು. ಗಣೇಶೋತ್ಸವದ ಕಾರ್ಯಕ್ರಮ ಪಟ್ಟಿಯನ್ನೂ ನಾನೇ ಬರೆಯುವವನು. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದೆ. ರಂಗೋಲಿ ಸ್ಪರ್ಧೆ, ಮೋದಕ ಸ್ಪರ್ಧೆ, ಸಂಗೀತ ಕುರ್ಚಿ, ಇವುಗಳ ನಡುವೆ ಸಣ್ಣ ಅಕ್ಷರದಲ್ಲಿ ನಾಲ್ಕನೆಯ ಸಾಲು: "ಶ್ರೀ ಗಣೇಶನ ಆಗಮನ, ಮುಖ್ಯ ಗೇಟು, ಮಧ್ಯಾಹ್ನ ಹನ್ನೆರಡು. ಅಲ್ಲಿಯೇ ವಿಶೇಷ ಸಾಮಾನ್ಯ ಸಭೆ, ವಿಷಯ: ಎತ್ತರ ಮಿತಿಯ ತಿದ್ದುಪಡಿ." ಅದನ್ನು ಲಿಫ್ಟ್ ರಿಪೇರಿಯ ಕಾಗದಗಳ ನಡುವೆ ಸೇರಿಸಿ ಭಾಲೇರಾವ ಸಾಹೇಬರ ಮುಂದೆ ಸಹಿಗೆ ಇಟ್ಟೆ. ಅಲ್ಪವಿರಾಮ ಹುಡುಕುವ ಆ ಮಹಾನುಭಾವರು ಅಂದು ಎಲ್ಲಾ ಕಾಗದಕ್ಕೂ ಸರಸರನೆ ಸಹಿ ಹಾಕಿ ಕೊಟ್ಟರು. ಒಂದು ಕೆಂಪು ಗೆರೆಯೂ ಇಲ್ಲ! ದೇವರು ದೊಡ್ಡವನು ಎಂದುಕೊಂಡು ಬೋರ್ಡಿಗೆ ಹಚ್ಚಿದೆ. ಸೊಸೈಟಿಯ ಜನ ಮೋದಕ ಸ್ಪರ್ಧೆಯವರೆಗೆ ಓದಿ ಮುಂದಕ್ಕೆ ಹೋದರು.

ಮನೆಯಲ್ಲಿ ನಮ್ಮಾಕೆಗೆ ಮಾತ್ರ ಹೇಳಿದೆ. ಅವಳು ಲಟ್ಟಣಿಗೆ ಹಿಡಿದೇ ಹೊರಗೆ ಬಂದಳು.

"ದೇವರನ್ನ ಗೇಟಿನ್ಯಾಗ ನಿಂದ್ರಸ್ತೀರೇನ್ರಿ? ಆ ಪಾಪ ಯಾರಿಗೆ?"

"ಅರ್ಧಾ ನನಗ, ಅರ್ಧಾ ಚೇರ್ಮನ್ನರಿಗೆ."

"ಅವರೇನ ಮಾಡ್ಯಾರ ಪಾಪ? ಪೂರಾ ನಿಮಗ" ಎಂದು ಒಳಗೆ ಹೋದಳು.

ಚತುರ್ಥಿಯ ದಿನ ಹನ್ನೆರಡಕ್ಕೆ ಢೋಲು ತಾಶೆ ಬಡಿಯುತ್ತಾ ಗಣಪತಿಯ ಟೆಂಪೋ ಬಂತು. ಇಡೀ ಸೊಸೈಟಿ ಗೇಟಿನಲ್ಲಿತ್ತು. ಇಪ್ಪತ್ತೆಲ್ಲಿ, ಇನ್ನೂರು ಜನ! ಮ್ಯಾಚು ನೋಡುವವರು, ಮಳೆಗೆ ಹೆದರುವವರು, ಸಭೆಯ ದಿನ ತಪ್ಪದೇ ತಲೆನೋವು ಬರುವವರು, ಎಲ್ಲರೂ ಇಸ್ತ್ರಿ ಕುರ್ತಾ ಹಾಕಿಕೊಂಡು ಹಾಜರು. ಮಹಾದೇವಿ ಆರತಿ ತಟ್ಟೆ ಹಿಡಿದು ಗಂಡನ ಪಕ್ಕ ನಿಂತಿದ್ದಳು. ಟೆಂಪೋ ಗೇಟಿನ ಹತ್ತಿರ ಬಂತು, ಬಂತು, ಪೈಪಿನ ಮುಂದೆ ನಿಂತುಬಿಟ್ಟಿತು. ಗಣಪತಿಯ ಹೊಟ್ಟೆಯ ನೇರಕ್ಕೆ ಹಳದಿ ಕಪ್ಪು ಪೈಪು.

ಢೋಲು ನಿಂತಿತು. ಎಲ್ಲರೂ ನನ್ನ ಕಡೆ ತಿರುಗಿದರು. ಎಂಥ ಮರೆಗುಳಿ ಮ್ಯಾನೇಜರ್, ಇಷ್ಟೂ ತಿಳಿಯಬಾರದೇ, ಎಂದು ನಾಲ್ಕು ಕಡೆಯಿಂದ ಬೈಗುಳ. ನಾನು ತಲೆ ತಗ್ಗಿಸಿ ನಿಂತೆ. ತಗ್ಗಿಸಿದ್ದು ನಾಚಿಕೆಯಿಂದಲ್ಲ, ನಗು ಕಾಣಬಾರದೆಂದು.

"ಹಿಂದಿನ ಗೇಟಿನಿಂದ ತಂದರೆ?" ಎಂದಿತು ಒಂದು ದನಿ. ಕಸದ ತೊಟ್ಟಿಯ ಪಕ್ಕದಿಂದ ಗಣಪತಿ! ಆ ದನಿ ಮತ್ತೆ ಕೇಳಿಬರಲಿಲ್ಲ. ಇಳಿಸಿ ಹೊತ್ತು ತರೋಣ ಎಂದರು ಇನ್ನೊಬ್ಬರು. ಆಗ ಎ ವಿಂಗಿನ ಶೆಟ್ಟರು ಮುಂದೆ ಬಂದರು. ಕ್ಯಾಂಪಿನ ಹತ್ತಿರ ಹೋಟೆಲು ನಡೆಸುವವರು, ಉಡುಪಿ ಕಡೆಯವರು, ಪ್ರತಿವರ್ಷ ಗಣಪತಿಯ ಪ್ರಸಾದ ಅವರದೇ. ಆ ಗುಂಪಿನಲ್ಲಿ ನಾನು ಗುಟ್ಟು ಹೇಳಿದ್ದ ಒಬ್ಬರೇ ಒಬ್ಬರು. "ಎಂಥದು ಮಾರಾಯ್ರೆ," ಎಂದು ಮೊದಲು ಕನ್ನಡದಲ್ಲಿ ನನಗೆ ಹೇಳಿ, ಆಮೇಲೆ ಮರಾಠಿಯಲ್ಲಿ ಊರಿಗೆಲ್ಲ ಕೇಳುವಂತೆ, "ಸ್ಥಾಪನೆಗೆ ಮೊದಲು ದೇವರನ್ನು ನಡುರಸ್ತೆಯಲ್ಲಿ ಇಳಿಸುವುದುಂಟಾ? ಹೊರಲು ಯಾರ ಸೊಂಟ ಸರಿಯಿದೆ, ಮುಂದೆ ಬನ್ನಿ ನೋಡುವ!" ಅಂದರು. ಯಾರೂ ಬರಲಿಲ್ಲ. ಗುರುಜಿ ಟೆಂಪೋದ ಮೇಲಿಂದ, "ಮುಹೂರ್ತ ಮೀರುತ್ತಿದೆ!" ಎಂದು ಕೂಗಿದರು.

ಪೈಪು ಬಿಚ್ಚಿ ಎಂದು ಜನ ಅರಚತೊಡಗಿದರು. ಭಾಲೇರಾವ ಸಾಹೇಬರು ಕೈ ಎತ್ತಿ ಸುಮ್ಮನಾಗಿಸಿದರು. "ಬಿಚ್ಚಬಹುದು. ಆದರೆ ಯಾವ ಕಾರಣಕ್ಕೂ ಎಂದು ನೀವೇ ಠರಾವು ಮಾಡಿದ್ದೀರಿ. ನಿಯಮ ಮ್ಹಣಜೆ ನಿಯಮ. ಸಾಮಾನ್ಯ ಸಭೆಯ ಒಪ್ಪಿಗೆ ಬೇಕು."

ಆಗ ನಾನು ಕಂಕುಳಲ್ಲಿದ್ದ ಠರಾವು ಪುಸ್ತಕ ತೆಗೆದೆ. ಗಣಪತಿ ಬರುವಾಗ ಮ್ಯಾನೇಜರನ ಕಂಕುಳಲ್ಲಿ ಠರಾವು ಪುಸ್ತಕ ಯಾಕಿತ್ತು ಎಂದು ಯಾರೂ ಕೇಳಲಿಲ್ಲ. "ಇವತ್ತಿನ ಸಭೆಯ ನೋಟೀಸು ಹದಿನಾಲ್ಕು ದಿನದಿಂದ ಬೋರ್ಡಿನ ಮೇಲಿದೆ ಸಾಹೇಬರೇ, ನಾಲ್ಕನೆಯ ಸಾಲು. ಕೋರಂ ಆಗಿದೆ" ಎಂದೆ. ಓದಿದೆ: "ಶ್ರೀ ಗಣೇಶನನ್ನು ತರುವ ಮತ್ತು ಕಳುಹಿಸುವ ವಾಹನಕ್ಕೆ, ಹಾಗೂ ಸೊಸೈಟಿಯ ನಿವಾಸಿಯೇ ಚಾಲಕರಾಗಿ ಶಾಲಾ ಮಕ್ಕಳನ್ನು ಒಯ್ಯುವ ವಾಹನಕ್ಕೆ, ಏಳು ಅಡಿಯ ಮಿತಿ ಅನ್ವಯಿಸತಕ್ಕದ್ದಲ್ಲ." ಸೂಚಿಸುವವರು ಶೆಟ್ಟರು. ಅನುಮೋದನೆಗೆ ಢೋಲಿನ ಪಕ್ಕ ನಿಂತಿದ್ದ ಕದಂ ಎಂಬವರ ಹೆಸರು ಬರೆದೆ, ಅವರು ಬೇಡ ಅನ್ನಲಿಲ್ಲ, ಅವರಿಗೆ ಕೇಳಿಸಿಯೂ ಇರಲಿಲ್ಲ.

"ಒಪ್ಪಿಗೆ ಇದ್ದವರು ಕೈ ಎತ್ತಬೇಕು!" ಎಂದು ನಾನು ಕೂಗಿದೆ. ಅದೇ ಗಳಿಗೆಗೆ ಶೆಟ್ಟರು ಎದೆ ತುಂಬ ಉಸಿರೆಳೆದು, "ಗಣಪತಿ ಬಪ್ಪಾ!" ಎಂದರು.

"ಮೋರಯಾ!" ಎಂದಿತು ಜನ. ಪುಣೆಯಲ್ಲಿ ಮೋರಯಾ ಎನ್ನುವಾಗ ಕೈ ಕೆಳಗಿಟ್ಟುಕೊಂಡವನನ್ನು ನಾನು ಇನ್ನೂ ನೋಡಬೇಕಾಗಿದೆ. ಶೆಟ್ಟರು ಮೂರು ಸಲ ಕೂಗಿದರು, ನಾನು ಮೂರು ಸಲದಲ್ಲಿ ಸದಸ್ಯರ ಕೈ ಮಾತ್ರ ಎಣಿಸಿ ಮುಗಿಸಿದೆ. ಭಾಲೇರಾವ ಸಾಹೇಬರು ನಿಂತಿದ್ದ ಕಡೆಗೆ ಮಾತ್ರ ನೋಡಲಿಲ್ಲ. ಧೈರ್ಯವಾಗಲಿಲ್ಲ.

"ಎಷ್ಟು?" ಅವರ ದನಿ ಹಿಂದಿನಿಂದ ಬಂತು.

"ನೂರಾ ಹದಿನೆಂಟು, ಸಾಹೇಬರೇ."

"ವಿರುದ್ಧ?"

"ಗಣಪತಿಯ ವಿರುದ್ಧ ಯಾರೂ ಕೈ ಎತ್ತಿಲ್ಲ."

ಅವರು ನನ್ನನ್ನೇ ಒಂದು ಕ್ಷಣ ನೋಡಿದರು. ಇಷ್ಟು ವರ್ಷದ ನೌಕರಿ ಇವತ್ತಿಗೆ ಮುಗಿಯಿತು ಎಂದುಕೊಂಡೆ. ಅವರು ಪುಸ್ತಕ ಇಸಿದುಕೊಂಡರು, ಟೆಂಪೋದ ಬಾನೆಟ್ಟಿನ ಮೇಲೆ ಇಟ್ಟು ಸಹಿ ಹಾಕಿದರು. "ನನ್ನ ಸ್ಕೂಟರಿನ ಡಿಕ್ಕಿಯಲ್ಲಿ ಪಾನಾ ಇದೆ, ತನ್ನಿ" ಎಂದರು. ವಾಚಮನ್ ಓಡಿ ಹೋಗಿ ಸ್ಪ್ಯಾನರ್ ತಂದ, ನಾಲ್ಕು ಬೋಲ್ಟು ಬಿಚ್ಚಿದರು, ಪೈಪು ಕೆಳಗಿಳಿಯಿತು, ಗಣಪತಿ ಒಳಗೆ ಬಂದ. ಮುಹೂರ್ತಕ್ಕೆ ಇನ್ನೂ ಏಳು ನಿಮಿಷ ಇತ್ತು.

ಮಹಾದೇವಿ ತಟ್ಟೆ ಹಿಡಿದು ನಿಂತಲ್ಲೇ ನಿಂತಿದ್ದಳು. "ಕಾಕಾ, ನೀವ ಓದಿದ್ರಾಗ ಮಕ್ಕಳ ಗಾಡಿ ಅಂತನೂ ಬಂತಲ್ರಿ? ಹೌದ್ರಿಲ್ಲೋ?" ಅಂದಳು.

"ಹೌದವಾ. ಪತ್ರ ಟೈಪ್ ಮಾಡಿ ಇಟ್ಟೀನಿ, ತಗೊಂಡ ಹೋಗು."

ಅವಳು ಗಂಡನ ಕೈ ಗಟ್ಟಿಯಾಗಿ ಹಿಡಿದುಕೊಂಡು ಅತ್ತಳು. ನಾನೂ ಅತ್ತೆ, ಗುಲಾಲು ಕಣ್ಣಿಗೆ ಬಿತ್ತು ಎಂದು ಎಲ್ಲರಿಗೂ ಹೇಳಿದೆ. ರಜೆ ಮುಗಿದ ದಿನ ಬಸ್ಸು ಮತ್ತೆ ಅದೇ ಮೂಲೆಯಿಂದ ಹೊರಟಿತು. ಪೈಪಿಗೆ ತಿರುಗಣಿ ಹಾಕಿಸಿದರು, ಅದರ ಕೀಲಿಗಳಲ್ಲಿ ಒಂದು ಅವಳ ಹತ್ತಿರ. ಬೇರೆ ಟೆಂಪೋಗಳು ಹೊರಗೇ ಉಳಿದವು.

ಇಲ್ಲಿಗೆ ಕಥೆ ಮುಗಿಯಿತು ಎಂದೇ ನಾನು ಮೂರು ವರ್ಷ ತಿಳಿದಿದ್ದೆ. ಮೀಸೆ ಇಲ್ಲದಿದ್ದರೂ ಒಳಗೊಳಗೇ ಮೀಸೆ ತಿರುವಿಕೊಂಡಿದ್ದೆ. ಭಾಲೇರಾವರಂಥವರ ಕಣ್ಣಿಗೆ ಮಣ್ಣೆರಚಿದ ಸಿಂದಗಿಯ ಗಂಡು ನಾನೊಬ್ಬನೇ ಎಂದು.

ಮೊನ್ನೆ ಅಂಕಿತಾ ಹಳೆಯ ಠರಾವು ಪುಸ್ತಕಗಳನ್ನೆಲ್ಲ ಸ್ಕ್ಯಾನ್ ಮಾಡಿ ಆಪ್‌ಗೆ ಏರಿಸುತ್ತಿದ್ದಳು. ಈಗ ಗೇಟಿನಲ್ಲಿ ಕ್ಯಾಮೆರಾ ಗಾಡಿಯ ನಂಬರು ಓದುತ್ತದೆ, ಚೀಟಿ ಬೀಗ ಏನೂ ಇಲ್ಲ. "ಅಂಕಲ್, ಈ ಪೇಜ್‌ನಲ್ಲಿ ಏನೋ ಕರೆಕ್ಷನ್ ಇದೆ, ನೋಡಿ. ಇದನ್ನ ಏನಂತ ಎಂಟ್ರಿ ಮಾಡ್ಲಿ?" ಅಂದಳು.

ನೋಡಿದೆ. ಅದೇ ಚತುರ್ಥಿಯ ಪುಟ. ನಾನು ಬರೆದಿದ್ದ "ನೂರಾ ಹದಿನೆಂಟು" ಕೆಂಪು ಗೆರೆಯಲ್ಲಿ ಹೊಡೆದಿತ್ತು. ಮೇಲೆ "ಐವತ್ತೊಂಬತ್ತು" ಎಂದು ಬರೆದು ಸಣ್ಣ ಸಹಿ. ಅಂಚಿನಲ್ಲಿ ಮರಾಠಿಯಲ್ಲಿ ಒಂದು ಸಾಲು: "ಮ್ಯಾನೇಜರ್ ಎಣಿಸಿದ್ದು ಕೈಗಳನ್ನು. ಮನುಷ್ಯನಿಗೆ ಕೈ ಎರಡು."

ತೊಂಬತ್ತಾರು ಸದಸ್ಯರ ಸೊಸೈಟಿಯಲ್ಲಿ ನಾನು ನೂರಾ ಹದಿನೆಂಟು ಮತ ಬರೆದಿದ್ದೆ! ಆಡಿಟರ್ ಒಬ್ಬ ನೋಡಿದ್ದರೆ ಠರಾವು ಹೋಗುತ್ತಿತ್ತು, ಮಹಾದೇವಿಯ ಪತ್ರ ಹೋಗುತ್ತಿತ್ತು, ನನ್ನ ಕುರ್ಚಿಯೂ ಹೋಗುತ್ತಿತ್ತು. ಆಗ ಒಂದೊಂದಾಗಿ ನೆನಪಾಯಿತು. ಬೇಡವೆಂದ ವೆಲ್ಡಿಂಗ್. ಕೆಂಪು ಗೆರೆಯಿಲ್ಲದ ನೋಟೀಸು. ಹಬ್ಬದ ದಿನ ಸ್ಕೂಟರಿನ ಡಿಕ್ಕಿಯಲ್ಲಿ ಸರಿಯಾದ ಅಳತೆಯ ಪಾನಾ.

ಎ ವಿಂಗಿನ ಮೂರನೆಯ ಮಹಡಿಗೆ ಹತ್ತಿದೆ, ಲಿಫ್ಟು ರಿಪೇರಿಯಲ್ಲಿತ್ತು. ಭಾಲೇರಾವ ಸಾಹೇಬರು ಈಗ ಕಮಿಟಿಯಲ್ಲಿಲ್ಲ. ಬಾಲ್ಕನಿಯಲ್ಲಿ ಕೂತು ಪೇಪರಿನ ತಪ್ಪುಗಳನ್ನು ಕೆಂಪು ಪೆನ್ನಿನಿಂದ ತಿದ್ದುತ್ತಿದ್ದರು. ಪುಸ್ತಕವನ್ನು ಅವರ ಮುಂದೆ ಹಿಡಿದೆ.

"ನಿಮಗೆ ಮೊದಲಿನಿಂದಲೂ ಗೊತ್ತಿತ್ತೇ?"

"ಮೂವತ್ತು ವರ್ಷ ಕಾಲುವೆ ಅಳೆದವನಿಗೆ ಗಣಪತಿಯ ಎತ್ತರ ತಿಳಿಯುವುದಿಲ್ಲವೇ ಕುಲಕರ್ಣಿ?"

"ಮತ್ತೆ ಆ ಹೆಣ್ಣುಮಗಳಿಗೆ ಅಂದೇ ಒಂದು ಮಾತು ಹೇಳಬಹುದಿತ್ತಲ್ಲ! ಎರಡು ತಿಂಗಳು ಅವಳ ಹೊಟ್ಟೆಯಲ್ಲಿ ಬೆಂಕಿ."

ಅವರು ಪೆನ್ನು ಕೆಳಗಿಟ್ಟರು. "ಹೇಳಬಹುದಿತ್ತು. ನಿಯಮ ಮಾಡಿದವನೇ ಮೊದಲ ದಿನ ಒಬ್ಬರಿಗೆ ಬಿಟ್ಟರೆ, ಮರುದಿನ ಹನ್ನೊಂದು ಟೆಂಪೋ ಒಳಗಿರುತ್ತಿದ್ದವು. ನನಗೂ ನಿದ್ದೆ ಇರಲಿಲ್ಲ. ನೀವು ನಾಲ್ಕನೆಯ ಸಾಲು ಬರೆಯುವವರೆಗೆ ಇರಲಿಲ್ಲ."

ಕೆಳಗೆ ಹಳದಿ ಬಸ್ಸು ಗೇಟಿಗೆ ಬಂದು ಹಾರ್ನ್ ಹೊಡೆಯಿತು. ಮಹಾದೇವಿ ಇಳಿದು ತನ್ನ ಕೀಲಿಯಿಂದ ಪೈಪು ತಿರುಗಿಸುವುದನ್ನು ನಾವಿಬ್ಬರೂ ನೋಡಿದೆವು.

"ಐವತ್ತೊಂಬತ್ತು ಅಂತ ಹೇಗೆ ಬರೆದಿರಿ ಸಾಹೇಬರೇ? ಎಲ್ಲರೂ ಎರಡೂ ಕೈ ಎತ್ತಿದ್ದರೆಂದು ಏನು ಗ್ಯಾರಂಟಿ?"

"ಎಲ್ಲರದು ಗೊತ್ತಿಲ್ಲ," ಎಂದರು ಭಾಲೇರಾವ ಸಾಹೇಬರು. "ನಾನಂತೂ ಎರಡೂ ಎತ್ತಿದ್ದೆ. ನೀವು ನನ್ನ ಕಡೆ ತಿರುಗಿ ನೋಡಲೇ ಇಲ್ಲ."